ಹೊಸ ರೊಮ್ಯಾನ್ಸ್, ಥ್ರಿಲ್ಲರ್ ಕಾದಂಬರಿ ಓದಿ ಸ್ಟಾರ್ ಕೊಡೋದು ಹೇಗೆ: ಪೆನ್ಸಿಲ್ ಹಿಡ್ಕೊಂಡು ಓದೋರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮೂರಲ್ಲಿ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಬಾಡಿಗೆ ಲೈಬ್ರರಿ ಇತ್ತು. ಅಮ್ಮ ಅಲ್ಲಿಂದ ತ್ರಿವೇಣಿ, ಸಾಯಿಸುತೆ ತರೋರು, ಅಪ್ಪಂಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳೇ ಆಗ್ಬೇಕು. ಪುಸ್ತಕದ ಕೊನೇಲಿರೋ ಖಾಲಿ ಹಾಳೇಲಿ ಮುಂಚೆ ಓದಿದೋರೆಲ್ಲ ಪೆನ್ಸಿಲಲ್ಲಿ ಏನಾದ್ರೂ ಗೀಚಿರೋರು, "ಪರವಾಗಿಲ್ಲ", "ಕೊನೆ ಸರಿ ಇಲ್ಲ", "ಹೀರೋಯಿನ್ ಪೆದ್ದಿ", ಅದ್ರ ಕೆಳಗೆ ಇನ್ನೊಬ್ರು "ನೀನೇ ಪೆದ್ದ" ಅಂತ. ಒಬ್ಬ ಪುಣ್ಯಾತ್ಮ ಅಂತೂ ಮೂರನೇ ಪುಟದಲ್ಲೇ ಒಂದು ಹೆಸರಿಗೆ ಗೆರೆ ಎಳ್ದು "ಇವ್ನೇ ಕೊಲೆಗಾರ" ಅಂತ ಬರ್ದಿದ್ದ. ಅಪ್ಪ ಆ ವಾರ ಪೂರ್ತಿ ಸಿಡಿಸಿಡಿ ಅಂತಿದ್ರು. ರೇಟಿಂಗು, ರಿವ್ಯೂ, ಸ್ಪಾಯ್ಲರು ಮೂರನ್ನೂ ನಾನು ಮೊದ್ಲು ನೋಡಿದ್ದು ಆ ಹಾಳೆಗಳಲ್ಲೇ.

ಈಗ ಮೊಬೈಲಲ್ಲಿ ಸ್ಟಾರ್ ಒತ್ತೋದು, ಅಷ್ಟೇ ವ್ಯತ್ಯಾಸ. ಆದ್ರೆ ನನ್ನ ಸ್ಟಾರ್ ನಂಬಿ ಯಾರೋ ಮುನ್ನೂರು ನಾನೂರು ರೂಪಾಯಿ ಖರ್ಚು ಮಾಡ್ತಾರೆ ಅನ್ನೋದು ತಲೆಗೆ ಹೋಗಿದ್ದು ಅತ್ತಿಗೆಯಿಂದ. ಹೋದ ವರ್ಷ ಒಂದು ಥ್ರಿಲ್ಲರ್‌ನ ರಾತ್ರಿ ಎರಡು ಗಂಟೆಗೆ ಮುಗಿಸಿ, ಎದೆ ಇನ್ನೂ ಡವಡವ ಅಂತಿರೋವಾಗ್ಲೇ ಐದು ಸ್ಟಾರ್ ಒತ್ತಿ ಮಲಗ್ದೆ, ಬೆಳಿಗ್ಗೆ ಅತ್ತಿಗೆಗೆ "ಓದ್ಲೇಬೇಕು" ಅಂತ ಮೆಸೇಜ್ ಬೇರೆ. ಅವ್ರು ನಾಲ್ಕು ದಿನಕ್ಕೆ ಓದಿ ಫೋನ್ ಮಾಡಿದ್ರು, "ಅಲ್ಲ ಕಣೇ, ಅವ್ನು ಇಡೀ ಅಪಾರ್ಟ್‌ಮೆಂಟಿಗೆ ಕರೆಂಟ್ ತೆಗ್ದ, ಜನರೇಟರ್ ವೈರೂ ಕತ್ತರಿಸ್ದ, ನಾಲ್ಕು ಪುಟ ಆದ್ಮೇಲೆ ಲಿಫ್ಟಲ್ಲಿ ಇಳ್ದು ಓಡಿಹೋದ ಅಂತಾರಲ್ಲ, ಯಾವ ಲಿಫ್ಟು?" ನನ್ ಹತ್ರ ಉತ್ತರ ಇರ್ಲಿಲ್ಲ. ಅಷ್ಟು ಬೇಗ ಬೇಗ ಓದಿದ್ದೆ, ಲಿಫ್ಟ್ ಕಣ್ಣಿಗೇ ಬಿದ್ದಿರ್ಲಿಲ್ಲ.

ಅದಾದ್ಮೇಲೆ ನಾನು ಓದೋ ರೀತೀನೇ ಬದಲಾಯ್ಸಿದೆ. ಅದನ್ನೇ ಇಲ್ಲಿ ಬರೀತಿರೋದು. ಕೊನೇ ಇಪ್ಪತ್ತು ಪುಟದ ಗುಂಗಲ್ಲಿ ಕೊಡೋ ಸ್ಟಾರು ನಮ್ಮ ಮೂಡಿಗೆ ಕೊಟ್ಟಿದ್ದು, ಪುಸ್ತಕಕ್ಕಲ್ಲ. ಪುಸ್ತಕಕ್ಕೆ ಕೊಡ್ಬೇಕು ಅಂದ್ರೆ ಅದು ಶುರುವಲ್ಲಿ ಏನು ಮಾತು ಕೊಡ್ತು, ಆ ಮಾತು ಉಳಿಸ್ಕೊಳ್ತಾ ಅಂತ ನೋಡ್ಬೇಕು.

ಸ್ಟೆಪ್ 1: ಆರಿಸೋವಾಗ ಸರಾಸರಿ ನೋಡ್ಬೇಡಿ, ಕಂಬಗಳನ್ನ ನೋಡಿ

ಹೊಸ ಪುಸ್ತಕದ ಪಕ್ಕ 4.4 ಅಂತ ಇರತ್ತೆ, ನಾವು ತಗೋತೀವಿ. ಅದು ಎಷ್ಟು ಜನ ಕೊಟ್ಟಿದ್ದು ಅಂತ ನೋಡಲ್ಲ. ಒಂಬತ್ತು ಜನ ಸೇರಿ 40 ಸ್ಟಾರ್ ಕೊಟ್ರೆ ಸರಾಸರಿ 4.44. ಹತ್ತನೆಯವ್ರು ಬಂದು ಒಂದೇ ಒಂದು ಸ್ಟಾರ್ ಕೊಟ್ರೆ ಅದು ಸೀದಾ 4.1ಕ್ಕೆ ಇಳಿಯತ್ತೆ. ಹೊಸ ಕನ್ನಡ ಕಾದಂಬರಿಗಳಲ್ಲಿ ಎಷ್ಟೋ ಸಲ ಹತ್ತು ಹದಿನೈದು ರೇಟಿಂಗ್ ಕೂಡ ಇರಲ್ಲ, ಇರೋದ್ರಲ್ಲೂ ಲೇಖಕರ ಸ್ನೇಹಿತ್ರು ಯಾರು ಓದುಗರು ಯಾರು ಗೊತ್ತಾಗಲ್ಲ, ಹಾಗಾಗಿ ಅಲ್ಲಿ ಸರಾಸರಿ ನಂಬೋದಕ್ಕಿಂತ ಇರೋ ನಾಲ್ಕು ರಿವ್ಯೂ ಓದೋದು ವಾಸಿ.

ಜಾಸ್ತಿ ರೇಟಿಂಗ್ ಇದ್ರೆ ಐದರಿಂದ ಒಂದರವರೆಗೂ ಎಷ್ಟೆಷ್ಟು ಬಿದ್ದಿದೆ ಅನ್ನೋ ಕಂಬಗಳನ್ನ ತೆಗ್ದು ನೋಡಿ. ಎಲ್ಲರೂ ಮೂರು ಕೊಟ್ರೂ ಸರಾಸರಿ 3, ಅರ್ಧ ಜನ ಐದು ಅರ್ಧ ಜನ ಒಂದು ಕೊಟ್ರೂ ಸರಾಸರಿ 3. ಮೊದಲನೇದು ಸಪ್ಪೆ ಪುಸ್ತಕ ಇರ್ಬಹುದು, ಎರಡನೇದ್ರಲ್ಲಿ ಏನೋ ಜಗಳ ಇದೆ. ನಂಗೆ ಎರಡನೇ ಥರದ್ದೇ ಇಷ್ಟ. ಇನ್ನು ನಾನು ಮೊದ್ಲು ಓದೋದು ಎರಡು, ಮೂರು ಸ್ಟಾರಿನ ರಿವ್ಯೂಗಳನ್ನ, ಯಾಕಂದ್ರೆ ಐದು ಕೊಟ್ಟೋರು ಕೂಗ್ತಿರ್ತಾರೆ, ಒಂದು ಕೊಟ್ಟೋರು ಅರ್ಧಕ್ಕರ್ಧ ಕೊರಿಯರ್ ಬಾಕ್ಸ್ ಹರಿದಿತ್ತು ಅಂತ ಬೈತಿರ್ತಾರೆ, ಮಧ್ಯದೋರು ಮಾತ್ರ ಏನು ಸರಿ ಏನು ತಪ್ಪು ಅಂತ ಹೇಳಿರ್ತಾರೆ.

ಆಮೇಲೆ ಸ್ಯಾಂಪಲ್ ಓದಿ. ಇ-ಪುಸ್ತಕ ಓದೋ ಕಿಂಡಲಲ್ಲಿ ಫ್ರೀ ಸಿಗತ್ತೆ, ಅಂಗಡೀಲಾದ್ರೆ ನಿಂತ್ಕೊಂಡು ಐದು ಪುಟ. ಬೆನ್ನುಡಿ ನಂಬ್ಬೇಡಿ, ಅದು ಮದ್ವೆ ಬ್ರೋಕರ್ ಥರ, ಹುಡುಗನಿಗೆ ಕೋಪ ಬರತ್ತೆ ಅಂತ ಯಾವತ್ತೂ ಹೇಳಲ್ಲ.

ಸ್ಟೆಪ್ 2: ಓದೋಕೆ ಮುಂಚೆ ಒಂದು ಸಾಲು, ಓದ್ತಾ ಮೂರು ನಿಲ್ದಾಣ

ಒಂದು ನೂರು ಪೇಜಿನ ನೋಟ್‌ಬುಕ್ ಸಾಕು. ಮೊದಲ ಅಧ್ಯಾಯ ಮುಗಿದ ತಕ್ಷಣ ಪುಸ್ತಕ ಕೊಟ್ಟ ಮಾತು ಏನು ಅಂತ ಒಂದು ಸಾಲು ಬರೀರಿ. "ಆಗದೇ ಇರೋ ಇಬ್ರು ಹೇಗೆ ಒಂದಾಗ್ತಾರೆ ತೋರಿಸ್ತೀನಿ", "ಹೆಣದ ಕೈಯಲ್ಲಿದ್ದ ಬಳೆ ಯಾರದ್ದು ಹೇಳ್ತೀನಿ". ಅಷ್ಟೇ. ಕೊನೇಲಿ ಲೆಕ್ಕ ಕೇಳೋದು ಈ ಸಾಲಿನ್ ಮೇಲೇನೇ.

ಆಮೇಲೆ ಕಾಲು ಭಾಗಕ್ಕೆ, ಅರ್ಧಕ್ಕೆ, ಮುಕ್ಕಾಲಿಗೆ ನಿಲ್ಸಿ. ಕಿಂಡಲಲ್ಲಿ ಪರ್ಸೆಂಟ್ ತೋರ್ಸತ್ತೆ, ಅಚ್ಚಿನ ಪುಸ್ತಕಕ್ಕೆ ಮೊದ್ಲೇ ಮೂರು ಕಡೆ ಬಸ್ ಟಿಕೆಟ್ ಇಟ್ಬಿಡಿ. ಪ್ರತಿ ನಿಲ್ದಾಣದಲ್ಲಿ ಎರಡೇ ಸಾಲು, ಈಗ ಏನ್ ಅನ್ಸತ್ತೆ, ಮುಂದೆ ಏನಾಗತ್ತೆ ಅಂತ ನನ್ ಊಹೆ. ಒಂದು ರೊಮ್ಯಾನ್ಸಿಗೆ ನಾನು ಬರ್ದಿದ್ದು ಹೀಗಿದೆ, ಹೆಸರು ಬೇಡ:

"ಪು. 70: ಹುಡುಗಿ ಬೇಕರಿ, ಸಾಲ ಇದೆ, ಇವ್ನು ಸಾಲ ವಸೂಲಿಗೆ ಬರೋ ಬ್ಯಾಂಕಿನವ್ನು. ಒಳ್ಳೆ ಅಡ್ಡಿ. ಎರಡು ಸಲ ನಗು ಬಂತು."

"ಪು. 140: ಇಬ್ರಿಗೂ ಯಾಕೆ ಇಷ್ಟ ಆಯ್ತು ಇನ್ನೂ ಗೊತ್ತಿಲ್ಲ. ಅವ್ನ ಭುಜ ಗೊತ್ತು, ಆರು ಸಲ ಬಂತು."

"ಪು. 210: ಬೇಕರಿ ಸಾಲ ಎಲ್ಲೋಯ್ತು? ಈಗ ಅವ್ನ ಹಳೇ ಹುಡುಗಿ ಬಂದ್ಲು. ಒಂದು ಫೋನ್ ಮಾಡಿದ್ರೆ ಮುಗ್ಯತ್ತೆ."

ಕೊನೇ ಅಧ್ಯಾಯದ ಮದ್ವೆ ಸೀನ್ ಎಷ್ಟು ಚೆನ್ನಾಗಿತ್ತು ಅಂದ್ರೆ ನಂಗೆ ಕಣ್ಣಲ್ಲಿ ನೀರು. ನೋಟ್‌ಬುಕ್ ಇಲ್ದೇ ಇದ್ರೆ ನಾಲ್ಕೂವರೆ ಕೊಟ್ಟಿರ್ತಿದ್ದೆ. ಬೇಕರಿ ಸಾಲದಿಂದ ಶುರುವಾದ ಕತೆ ಆ ಸಾಲಾನೇ ಮರ್ತುಬಿಡ್ತು, ಅದು 210ನೇ ಪುಟದಲ್ಲೇ ನನ್ ಕೈಬರಹದಲ್ಲಿ ಕೂತಿತ್ತು. ಮೂರು ಕೊಟ್ಟೆ.

ಇನ್ನೊಂದು ಮಾತು, ಸಾಲಾಗಿ ಮೂರು ಥ್ರಿಲ್ಲರ್ ಓದ್ಬೇಡಿ. ಮೂರನೇದು ಪಾಪ ಏನೂ ತಪ್ಪು ಮಾಡ್ದೇ ಮಾರ್ಕ್ಸ್ ಕಳ್ಕೊಳತ್ತೆ. ಮಧ್ಯೆ ಒಂದು ಪ್ರಬಂಧ ಸಂಕಲನ ಓದಿ, ಇಲ್ಲ ಸುಮ್ನೆ ಇರಿ.

ಸ್ಟೆಪ್ 3: ರೊಮ್ಯಾನ್ಸ್ ತೂಗೋದು

ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಈ ಪ್ರಕಾರಕ್ಕೆ ಎರಡೇ ಷರತ್ತು ಹೇಳಿತ್ತು. ಪ್ರೇಮಕತೆ ಕೇಂದ್ರದಲ್ಲಿರ್ಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಡೋ ಹಾಗೆ, ಭರವಸೆ ಇಟ್ಕೊಂಡು ಮುಗೀಬೇಕು. ಹಾಗಾಗಿ "ಕೊನೇಲಿ ಒಂದಾಗ್ತಾರೆ ಅಂತ ಮೊದ್ಲೇ ಗೊತ್ತಿತ್ತು" ಅಂತ ಸ್ಟಾರ್ ಕಟ್ ಮಾಡೋದು ಊಟಕ್ಕೆ ಹೋಗಿ ಅನ್ನ ಇತ್ತು ಅಂತ ಬೈದ ಹಾಗೆ. ಆದ್ರೆ ಈ ಅಳತೆಗೋಲನ್ನ ನಮ್ಮ ಹಳೇ ಸಾಮಾಜಿಕ ಕಾದಂಬರಿಗಳ ಮೇಲೆ ಇಡೋಕಾಗಲ್ಲ. ತ್ರಿವೇಣಿಯವರಲ್ಲಿ ಪ್ರೀತಿ ಇದೆ, ಆದ್ರೆ ಅವ್ರ ಕಣ್ಣಿರೋದು ಮನಸ್ಸಿನ ಗಾಯದ ಮೇಲೆ, ಕೊನೆ ಸುಖವಾಗಿರ್ಬೇಕು ಅಂತ ಅವ್ರೇನೂ ಮಾತು ಕೊಟ್ಟಿಲ್ಲ. ಈಗಿನ ಕನ್ನಡ ಪುಸ್ತಕಗಳಲ್ಲೂ ಈ ಎರಡೂ ಥರ ಇದೆ, ಕವರ್ ಮೇಲೆ "ಪ್ರೇಮಕತೆ" ಅಂತಷ್ಟೇ ಹಾಕಿರ್ತಾರೆ, ಯಾವ್ದು ಅಂತ ಮೊದಲ ಅಧ್ಯಾಯದ ದನಿ ನೋಡಿ ತಿಳ್ಕೊಬೇಕು.

ನಾನು ನಾಲ್ಕು ಪ್ರಶ್ನೆ ಕೇಳ್ತೀನಿ, ಪ್ರತಿಯೊಂದಕ್ಕೂ ಐದು ಮಾರ್ಕ್ಸ್.

ಮೊದಲನೇದು, ಇವ್ಳಿಗೆ ಇವ್ನೇ ಯಾಕೆ? ಪಕ್ಕದ್ಮನೆ ಹುಡುಗನ್ನ ತಂದು ಅದೇ ಜಾಗದಲ್ಲಿ ನಿಲ್ಸಿದ್ರೂ ಕತೆ ಹಾಗೇ ನಡ್ಯತ್ತೆ ಅಂದ್ರೆ ಮಾರ್ಕ್ಸ್ ಇಲ್ಲ. ಚಂದ ಇದಾನೆ, ದುಡ್ಡಿದೆ ಅನ್ನೋದು ಉತ್ತರ ಅಲ್ಲ. ಅವ್ಳು ಮಾತಾಡೋವಾಗ ಬಾಯಿ ಹಾಕದೇ ಕೇಳಿಸ್ಕೊಂಡ ಮೊದಲನೇ ಮನುಷ್ಯ ಇವ್ನು ಅಂತ ಸೀನಲ್ಲಿ ಕಂಡ್ರೆ, ಅದು ಉತ್ತರ.

ಎರಡನೇದು ಅಡ್ಡಿ. ಪ್ಯಾಮೆಲಾ ರೇಜಿಸ್ ಅನ್ನೋ ವಿಮರ್ಶಕಿ 2003ರ ಪುಸ್ತಕದಲ್ಲಿ ರೊಮ್ಯಾನ್ಸಿಗೆ ಎಂಟು ಅಂಗ ಅಂತ ಗುರ್ತಿಸಿದಾರೆ, ಭೇಟಿ, ಆಕರ್ಷಣೆ, ಅಡ್ಡಿ ಇವೆಲ್ಲ ಅದ್ರಲ್ಲಿ ಬರತ್ತೆ, ಜೊತೆಗೆ ಇನ್ನು ಎಲ್ಲಾ ಮುಗೀತು, ಇವ್ರು ಸೇರಲ್ಲ ಅನ್ಸೋ ಸಾವಿನಂಥ ಒಂದು ಘಟ್ಟಾನೂ ಬರತ್ತೆ. ಈಗಿನ ಪುಸ್ತಕಗಳಲ್ಲಿ ಈ ಘಟ್ಟ ಬಹಳ ಸಲ ಮುಕ್ಕಾಲು ಭಾಗದ ಆಸುಪಾಸಲ್ಲಿ ಬ್ರೇಕಪ್ ಆಗಿ ಬರತ್ತೆ. ನೋಡ್ಬೇಕಾದ್ದು ಒಂದೇ, ಈ ಬ್ರೇಕಪ್ ಮೊದಲಿಂದ ಇದ್ದ ಅಡ್ಡಿಯಿಂದ ಹುಟ್ತಾ, ಇಲ್ಲ ಪುಟ ತುಂಬ್ಸೋಕೆ ಹೊರಗಿಂದ ತಂದ್ರಾ? ಜಾತಿ, ಅಪ್ಪನ ಕಾಯಿಲೆ, ದುಬೈ ಕೆಲ್ಸ, ಹಳೇ ಸುಳ್ಳು, ಏನ್ ಬೇಕಾದ್ರೂ ಇರ್ಲಿ, ಬೀಜ ಮುಂಚೆ ಬಿದ್ದಿರ್ಬೇಕು. ಅರ್ಧಂಬರ್ಧ ಕೇಳಿಸ್ಕೊಂಡ ಫೋನ್ ಮಾತಿನಿಂದ ನೂರು ಪುಟ ಮುನಿಸ್ಕೊಳ್ಳೋ ಕತೆಗೆ ನಾನು ಈ ಪ್ರಶ್ನೇಲಿ ಒಂದಕ್ಕಿಂತ ಜಾಸ್ತಿ ಕೊಡಲ್ಲ.

ಮೂರನೇದು ಮಾತು. ಒಂದು ಪುಟ ತಗೊಂಡು ಅವ್ನು ಅಂದ ಇವ್ಳು ಅಂದ್ಳು ಅನ್ನೋದನ್ನೆಲ್ಲ ಬೆರಳಲ್ಲಿ ಮುಚ್ಚಿ ಬರೀ ಮಾತು ಓದಿ, ಯಾರು ಯಾವ್ದು ಹೇಳ್ತಿದಾರೆ ಗೊತ್ತಾಗ್ಬೇಕು. ಹುಬ್ಬಳ್ಳಿ ಹುಡುಗ, ಮಂಗಳೂರು ಹುಡುಗಿ ಅಂತ ಹೇಳಿ ಇಬ್ರ ಬಾಯಲ್ಲೂ ಸೀರಿಯಲ್ ಕನ್ನಡ ಬಂದ್ರೆ ನಂಗೆ ಅಲ್ಲೇ ಪ್ರೀತಿ ಸತ್ತುಹೋಗತ್ತೆ.

ನಾಲ್ಕನೇದು, ಕೊನೇಲಿ ಇಬ್ರೂ ಬದಲಾದ್ರಾ, ಇಲ್ಲ ಅವ್ಳು ಒಬ್ಳೇ ಕೆಲ್ಸ ಬಿಟ್ಟು ಊರು ಬಿಟ್ಟು ಹೊಂದ್ಕೊಂಡ್ಲಾ?

ಇನ್ನೊಂದು ವಿಷ್ಯ ಇದೆ, ಅದಕ್ಕೆ ಮಾರ್ಕ್ಸ್ ಇಲ್ಲ ಆದ್ರೆ ರಿವ್ಯೂನಲ್ಲಿ ಹೇಳ್ಲೇಬೇಕು. ಬೇಡ ಅಂದ್ಮೇಲೂ ಹಿಂದೆ ಬೀಳೋದು, ಅವ್ಳ ಫೋನ್ ಚೆಕ್ ಮಾಡೋದು, ಇದನ್ನ ಪುಸ್ತಕ ಪ್ರೀತಿ ಅಂತ ತೋರ್ಸತ್ತಾ, ಇಲ್ಲ ಇದು ಅಪಾಯ ಅಂತ ಅದಕ್ಕೆ ಗೊತ್ತಿದೆಯಾ? ಡಾರ್ಕ್ ರೊಮ್ಯಾನ್ಸ್ ಅಂತ ಹೇಳ್ಕೊಂಡೇ ಬರೋ ಪುಸ್ತಕಗಳಿವೆ, ಓದೋರು ಗೊತ್ತಿದ್ದೇ ತಗೋತಾರೆ, ಅದು ಬೇರೆ. ಸಿಹಿ ಪ್ರೇಮಕತೆ ಅಂತ ಗುಲಾಬಿ ಬಣ್ಣದ ಕವರ್ ಹಾಕಿ ಒಳಗೆ ಇದನ್ನ ಇಟ್ಟಿದ್ರೆ ಮುಂದಿನ ಓದುಗರಿಗೆ ಒಂದು ಸಾಲು ಎಚ್ಚರಿಕೆ ಬರೀರಿ.

ಸ್ಟೆಪ್ 4: ಥ್ರಿಲ್ಲರ್ ತೂಗೋದು, ಇದಕ್ಕೆ ಟೈಮ್ ಬೇಕು

ಮೊದ್ಲು ಇದು ಥ್ರಿಲ್ಲರ್ರಾ ಪತ್ತೇದಾರೀನಾ ನೋಡಿ. ಪತ್ತೇದಾರಿ ಕೇಳೋದು "ಯಾರು ಮಾಡಿದ್ದು?", ಥ್ರಿಲ್ಲರ್ ಕೇಳೋದು "ಮುಂದೆ ಏನಾಗತ್ತೆ, ತಡೀತಾರಾ?". ಕೊಲೆಗಾರ ಯಾರು ಅಂತ ಮೊದಲ ಅಧ್ಯಾಯದಲ್ಲೇ ಹೇಳೋ ಥ್ರಿಲ್ಲರ್ ಇರತ್ತೆ, ಅದಕ್ಕೆ "ಸಸ್ಪೆನ್ಸ್ ಇಲ್ಲ" ಅಂತ ಒಂದು ಸ್ಟಾರ್ ಕೊಡೋರ್ನ ನೋಡಿದೀನಿ. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಗೊತ್ತಿರ್ಬೇಕು, ಬಾಂಬ್ ಇರೋದು ನಮಗೂ ಗೊತ್ತಿಲ್ದೇ ಸಿಡಿದ್ರೆ ಹದಿನೈದು ಸೆಕೆಂಡಿನ ಬೆಚ್ಚುವಿಕೆ, ನಮಗೆ ಗೊತ್ತಿದ್ದು ಮೇಜಿನ ಹತ್ರ ಕೂತು ಹರಟೆ ಹೊಡೀತಿರೋರಿಗೆ ಮಾತ್ರ ಗೊತ್ತಿಲ್ದಿದ್ರೆ ಹದಿನೈದು ನಿಮಿಷದ ಒದ್ದಾಟ. ಈ ಒದ್ದಾಟಕ್ಕೇ ಸಸ್ಪೆನ್ಸ್ ಅನ್ನೋದು. ನಾನು ಪಕ್ಕದಲ್ಲಿ ಸಣ್ಣ ಗುರುತು ಹಾಕ್ತೀನಿ, ಬೆಚ್ಚಿದ್ದಕ್ಕೆ "ಬೆ", ಒದ್ದಾಡಿದ್ದಕ್ಕೆ "ಒ". ಬರೀ "ಬೆ" ತುಂಬಿರೋ ಪುಸ್ತಕ ಒಂದು ವಾರಕ್ಕೆ ಮರ್ತುಹೋಗತ್ತೆ.

ಅಧ್ಯಾಯದ ಕೊನೇಲಿ ಕೊಕ್ಕೆ ಹಾಕೋದು ನಮಗೇನು ಹೊಸದಲ್ಲ, ಸುಧಾ, ತರಂಗ ಧಾರಾವಾಹಿ ಓದಿ ಬೆಳ್ದೋರಿಗೆ "ಬಾಗಿಲು ತೆರೆದಾಗ ಅಲ್ಲಿ ನಿಂತಿದ್ದವರನ್ನು ಕಂಡು ಅವಳ ಕೈಕಾಲು ತಣ್ಣಗಾಯಿತು" ಅಂತ ನಿಲ್ಲೋದು ಅಭ್ಯಾಸ. ಮುಂದಿನ ವಾರ ನೋಡಿದ್ರೆ ಹಾಲಿನವ್ನು. ಧಾರಾವಾಹಿಗೆ ಅದು ಹೊಟ್ಟೆಪಾಡು, ಒಂದೇ ಗುಕ್ಕಿಗೆ ಓದೋ ಪುಸ್ತಕಕ್ಕೆ ಅದು ಮೋಸ. ಹಾಲಿನವ್ನು ಎಷ್ಟು ಸಲ ಬಂದ ಅಂತ ಎಣಿಸ್ತೀನಿ, ಮೂರು ದಾಟಿದ್ರೆ ಅರ್ಧ ಸ್ಟಾರ್ ಕಟ್.

ಆಮೇಲೆ ನ್ಯಾಯ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ, ಅವ್ರೂ ಪತ್ತೇದಾರಿ ಬರೀತಿದ್ರು, 1929ರಲ್ಲಿ ಹತ್ತು ನಿಯಮ ಮಾಡಿದ್ರು. ಅಪರಾಧಿ ಕತೆಯ ಶುರುವಿನ ಭಾಗದಲ್ಲೇ ಬಂದಿರ್ಬೇಕು, ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರ್ಬಾರ್ದು, ಓದುಗರನ್ನ ಮುಂಚೆನೇ ತಯಾರು ಮಾಡ್ದೇ ಅವಳಿ ಜವಳಿ ತರ್ಬಾರ್ದು, ಪತ್ತೇದಾರನಿಗೆ ಸಿಕ್ಕ ಸುಳಿವು ನಮಗೂ ತೋರಿಸ್ಬೇಕು. ಎಲ್ಲಾ ನಿಯಮ ಈಗ ಒಪ್ಪಲ್ಲ, ಕೆಲವು ಮುರ್ದೇ ಒಳ್ಳೊಳ್ಳೆ ಪುಸ್ತಕ ಬಂದಿವೆ, ಆದ್ರೆ 280ನೇ ಪುಟದಲ್ಲಿ ಮೊದಲ ಸಲ ಕಾಣಿಸ್ಕೊಂಡ ಚಿಕ್ಕಪ್ಪ ಕೊಲೆಗಾರ ಅಂದ್ರೆ ನಂಗೆ ಇವತ್ತಿಗೂ ಸಿಟ್ಟು ಬರತ್ತೆ.

ಟ್ವಿಸ್ಟ್ ನ್ಯಾಯದ್ದಾ ಅಂತ ಪರೀಕ್ಷೆ ಮಾಡೋಕೆ ಒಂದೇ ದಾರಿ, ಮುಗಿಸಿದ ಮಾರನೇ ದಿನ ಮೊದಲ ಮೂರು ಅಧ್ಯಾಯ ಮತ್ತೆ ಓದಿ. ಅರ್ಧ ಗಂಟೆ ಕೆಲ್ಸ. ಒಳ್ಳೆ ಟ್ವಿಸ್ಟಾದ್ರೆ ಹಳೇ ಸಾಲುಗಳೇ ಬೇರೆ ಅರ್ಥ ಕೊಡ್ತವೆ. ಒಂದು ಪುಸ್ತಕದಲ್ಲಿ ಸೊಸೆ ಬೆಳಿಗ್ಗೆ ಎದ್ದು ಎರಡು ಲೋಟ ಕಾಫಿ ಮಾಡಿ ಒಂದನ್ನ ಸಿಂಕಿಗೆ ಚೆಲ್ತಾಳೆ, ಮೊದಲ ಸಲ ಓದಿದಾಗ ಪಾಪ ಗಂಡನ ನೆನಪು ಅನ್ಕೊಂಡಿದ್ದೆ. ಎರಡನೇ ಸಲ ಓದಿದಾಗ ಮೈ ಜುಂ ಅಂತು, ಅತ್ತೆ ಇನ್ನು ಏಳಲ್ಲ, ಕಾಫಿ ಕೇಳಲ್ಲ ಅಂತ ಅವ್ಳಿಗೆ ಆಗ್ಲೇ ಗೊತ್ತಿತ್ತು! ಲೇಖಕರು ಕಣ್ಮುಂದೆನೇ ಇಟ್ಟಿದ್ರು, ನಾನು ನೋಡ್ಲಿಲ್ಲ. ಕೆಟ್ಟ ಟ್ವಿಸ್ಟಾದ್ರೆ ಮತ್ತೆ ಓದಿದಾಗ ಸಾಲುಗಳು ಸುಳ್ಳು ಹೇಳ್ತಿರ್ತವೆ, ನಾಯಕಿ ಒಬ್ಬಳೇ ಕೂತು "ಅವನೆಲ್ಲಿರಬಹುದು" ಅಂತ ಮನಸ್ಸಲ್ಲೇ ಯೋಚಿಸ್ತಿರ್ತಾಳೆ, ಕೊನೇಲಿ ನೋಡಿದ್ರೆ ಅವನನ್ನ ಹೂತಿದ್ದು ಅವ್ಳೇ. ತನಗೆ ತಾನೇ ಯಾಕೆ ನಾಟಕ ಆಡಿದ್ಲು?

ಸ್ವಲ್ಪ ವಿವರಗಳ ಕಡೆಗೂ ಕಣ್ಣಿರ್ಲಿ. 2025ರಲ್ಲಿ ನಡೆಯೋ ಕೊಲೆಗೆ ಇನ್ಸ್‌ಪೆಕ್ಟರ್ "302 ಹಾಕ್ತೀನಿ" ಅಂತ ಕೇಸ್ ಬರೆದ್ರೆ ಅದು ತಪ್ಪು, 2024ರ ಜುಲೈ 1ರಿಂದ ಹಳೇ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಈಗ ಕಲಂ 103. ಅದಕ್ಕೂ ಮುಂಚೆ ನಡೆದ ಕೊಲೆಯಾದ್ರೆ 302 ಸರಿನೇ, ಅದಕ್ಕೇ ಬೈಯೋಕೆ ಮುಂಚೆ ಕತೆಯ ಇಸವಿ ನೋಡಿ. ಡಿಎನ್‌ಎ ರಿಪೋರ್ಟ್ ಸಂಜೆ ಕಳ್ಸಿ ರಾತ್ರಿ ಬರೋದು ಇನ್ನೊಂದು. ಇಂಥ ಒಂದು ತಪ್ಪಿಗೆ ನಾನು ಸ್ಟಾರ್ ಕಟ್ ಮಾಡಲ್ಲ, ಕತೆಯ ಗಂಟು ಬಿಚ್ಚೋದೇ ಆ ತಪ್ಪಿನ್ ಮೇಲೆ ನಿಂತಿದ್ರೆ ಮಾತ್ರ ಕಟ್. ನನ್ನ ಲಿಫ್ಟಿನ ಕತೆ ಅದೇ ಜಾತಿ. ಕೆ. ಎನ್. ಗಣೇಶಯ್ಯನವರ ಥರ ಇತಿಹಾಸ, ವಿಜ್ಞಾನ ಬೆರೆಸಿ ಬರೆಯೋ ಥ್ರಿಲ್ಲರ್‌ಗಳಿಗೆ ಇನ್ನೊಂದು ಪ್ರಶ್ನೆ ಸೇರ್ಸಿ, ನಿಜ ಎಲ್ಲಿ ಮುಗೀತು ಕಲ್ಪನೆ ಎಲ್ಲಿ ಶುರುವಾಯ್ತು ಅಂತ ಪುಸ್ತಕ ಓದುಗರಿಗೆ ಹಿಡ್ಕೊಳ್ಳೋಕೆ ಏನಾದ್ರೂ ಕೊಡತ್ತಾ?

ಸ್ಟೆಪ್ 5: ಸ್ಟಾರ್ ಒತ್ತೋದು, ಎರಡು ಸಲ

ಮುಗಿಸಿದ ರಾತ್ರಿ ನೋಟ್‌ಬುಕ್ಕಲ್ಲಿ ಒಂದು ಅಂಕಿ ಬರೀರಿ, ಆ್ಯಪಲ್ಲಿ ಅಲ್ಲ. ಹತ್ತು ದಿನ ಬಿಟ್ಟು ನೋಟ್‌ಬುಕ್ ಮುಚ್ಚಿಟ್ಟು ಮತ್ತೆ ಒಂದು ಅಂಕಿ ಬರೀರಿ. ನಾಯಕಿ ಹೆಸರೇ ನೆನಪಾಗ್ಲಿಲ್ಲ ಅಂದ್ರೆ ಅದೂ ಒಂದು ಉತ್ತರ. ಆಮೇಲೆ ಎರಡೂ ಅಂಕಿ, ನಿಲ್ದಾಣದ ಸಾಲುಗಳು ಎದುರಿಗಿಟ್ಕೊಂಡು ಆ್ಯಪ್ ತೆಗೀರಿ. ನನ್ನ ಅಂಕಿ ಥ್ರಿಲ್ಲರ್ ಆದ್ರೆ ಹೆಚ್ಚಿನ ಸಲ ಇಳಿಯತ್ತೆ, ರೊಮ್ಯಾನ್ಸ್ ಕೆಲವು ಏರಿದ್ದೂ ಇದೆ.

ಎಲ್ಲಿ ಒತ್ತುತ್ತಿದೀರಿ ಅನ್ನೋದೂ ಮುಖ್ಯ. ಓದುಗರು ಪುಸ್ತಕಕ್ಕೆ ಸ್ಟಾರ್ ಕೊಡೋ ತಾಣ ಗುಡ್‌ರೀಡ್ಸಲ್ಲಿ ಎರಡು ಸ್ಟಾರ್ ಅಂದ್ರೆ ಪರವಾಗಿಲ್ಲ, ಮೂರು ಅಂದ್ರೆ ಇಷ್ಟ ಆಯ್ತು ಅಂತ ಅವ್ರೇ ಅರ್ಥ ಕೊಟ್ಟಿದಾರೆ. ಅದೇ ಮೂರನ್ನ ಅಮೆಜಾನ್ ಟೀಕೆಯ ರಿವ್ಯೂಗಳ ಗುಂಪಿಗೆ ಹಾಕತ್ತೆ, ಹೊಗಳಿಕೆ ಅಂತ ಎಣಿಸೋದು ನಾಲ್ಕು ಐದನ್ನ ಮಾತ್ರ. ತಮಾಷೆ ಅಂದ್ರೆ 2013ರಿಂದ ಗುಡ್‌ರೀಡ್ಸ್ ಕೂಡ ಅಮೆಜಾನಿನದ್ದೇ. ಅರ್ಧ ಸ್ಟಾರ್ ಗುಡ್‌ರೀಡ್ಸಲ್ಲಿ ಇಲ್ಲ, ಅದೇ ಥರದ ಇನ್ನೊಂದು ತಾಣ ಸ್ಟೋರಿಗ್ರಾಫಲ್ಲಿ ಕಾಲು ಸ್ಟಾರೂ ಕೊಡ್ಬಹುದು. ನಾನು ಮೂರೂವರೆ ಬಂದಾಗ, ಲೇಖಕರ ಮೊದಲನೇ ಪುಸ್ತಕ ಆದ್ರೆ ನಾಲ್ಕಕ್ಕೆ ಏರಿಸ್ತೀನಿ, ಹತ್ತನೇ ಪುಸ್ತಕ ಆದ್ರೆ ಮೂರಕ್ಕೆ ಇಳಿಸ್ತೀನಿ. ಇದು ನ್ಯಾಯ ಅಲ್ಲ ಅಂತ ಅನ್ನೋರು ಅನ್ನಿ.

ಐದು ಅಂದ್ರೆ ನಂಗೆ ಒಂದೇ ಅರ್ಥ, ಇನ್ನೊಂದು ಪ್ರತಿ ಕೊಂಡು ಯಾರಿಗಾದ್ರೂ ಕೊಡ್ತೀನಿ. ಒಂದು ಅಂದ್ರೆ ಓದುಗರಿಗೆ ಮೋಸ ಮಾಡಿದ ಪುಸ್ತಕ. ಬೋರ್ ಹೊಡೆಸಿದ್ದಕ್ಕೆ ಒಂದಲ್ಲ, ಎರಡು. ಅರ್ಧಕ್ಕೆ ಮುಂಚೆನೇ ಬಿಟ್ರೆ ಸ್ಟಾರೇ ಬೇಡ, "90ನೇ ಪುಟಕ್ಕೆ ಬಿಟ್ಟೆ, ಇಂಥ ಕಾರಣಕ್ಕೆ" ಅಂತ ಬರೆದ್ರೆ ಸಾಕು. ಪುಟ ಉಲ್ಟಾ ಬೈಂಡ್ ಆಗಿತ್ತು, ಡೆಲಿವರಿ ತಡ ಆಯ್ತು, ಇವೆಲ್ಲ ಮಾರಿದೋರಿಗೆ ಹೇಳ್ಬೇಕಾದ ದೂರು, ಬರೆದೋರ ತಲೆಗೆ ಕಟ್ಬೇಡಿ. ಆಡಿಯೋಬುಕ್ ಕೇಳಿದ್ರೆ ಓದಿದ ದನಿ ಬಗ್ಗೆ ಬೇರೆ ಸಾಲು.

ಸ್ಟೆಪ್ 6: ರಿವ್ಯೂ ಬರೆಯೋದು

ಕತೆ ಸಾರಾಂಶ ಎರಡು ಸಾಲು ದಾಟ್ಬಾರ್ದು, ಅದು ಬೆನ್ನುಡೀಲಿ ಇದೆ. ಏನು ಕೆಲ್ಸ ಮಾಡ್ತು, ಎಲ್ಲಿ ಜಾರ್ತು, ಯಾರಿಗೆ ಇಷ್ಟ ಆಗ್ಬಹುದು. "ನಂಗೆ ಇಷ್ಟ ಆಗ್ಲಿಲ್ಲ, ಆದ್ರೆ ನಿಧಾನವಾಗಿ ಬೆಳೆಯೋ ಪ್ರೀತಿ ಇಷ್ಟಪಡೋರು ತಗೋಬಹುದು" ಅನ್ನೋ ಒಂದು ಸಾಲು ಹತ್ತು ವಿಶೇಷಣಕ್ಕಿಂತ ಉಪಯೋಗ.

ಸ್ಪಾಯ್ಲರಿಗೆ ನನ್ನ ಗೆರೆ ಕಾಲು ಭಾಗ, ಅದ್ರಾಚೆ ನಡೆಯೋದು ಏನೂ ಬರೆಯಲ್ಲ. ಬರೀಲೇಬೇಕು ಅಂದ್ರೆ ಸ್ಪಾಯ್ಲರ್ ಅಂತ ಗುರ್ತು ಹಾಕಿ ಮುಚ್ಚಿ. ಇನ್ನೊಂದು, "ಕೊನೇಲಿ ಊಹಿಸೋಕಾಗದ ಟ್ವಿಸ್ಟ್ ಇದೆ" ಅನ್ನೋದೂ ಸ್ಪಾಯ್ಲರ್ರೇ. ಓದೋರು ಮೊದಲ ಪುಟದಿಂದ ಎಲ್ಲರನ್ನೂ ಅನುಮಾನದಿಂದ ನೋಡ್ತಾರೆ, ಲೇಖಕರು ಮೂರು ವರ್ಷ ಕೂತು ಕಟ್ಟಿದ್ದು ಹೋಯ್ತು. ಅಪ್ಪನ ಸಿಡಿಸಿಡಿ ನಂಗೆ ಇನ್ನೂ ನೆನಪಿದೆ.

ಪುಸ್ತಕ ಪುಕ್ಕಟೆ ಬಂದಿದ್ರೆ ಮೊದಲ ಸಾಲಲ್ಲೇ ಹೇಳಿ. ನೆಟ್‌ಗ್ಯಾಲಿ ಥರದ ಕಡೆ ಬಿಡುಗಡೆಗೆ ಮುಂಚೆನೇ ಪ್ರತಿ ಸಿಗತ್ತೆ, ಅದು ತಿದ್ದುಪಡಿ ಮುಗೀದೇ ಇರೋ ಪ್ರತಿ ಇರ್ಬಹುದು, ಅದ್ರಲ್ಲಿರೋ ಅಚ್ಚಿನ ತಪ್ಪಿಗೆ ಮಾರ್ಕ್ಸ್ ಕಟ್ ಮಾಡ್ಬಾರ್ದು. ನಮ್ಮ ದೇಶದಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳು ಉಚಿತವಾಗಿ ಬಂದ ವಸ್ತು ಬಗ್ಗೆ ಹೇಳೋವಾಗ ಅದನ್ನ ತಿಳಿಸ್ಬೇಕು ಅಂತ ನಿಯಮ ಮಾಡಿದೆ. ನಾವೇನು ಅಷ್ಟು ದೊಡ್ಡ ಜನ ಅಲ್ಲ ಬಿಡಿ, ಆದ್ರೂ ಹೇಳಿದ್ರೆ ನಮ್ಮ ಮಾತಿಗೆ ತೂಕ. ಲೇಖಕರು ನಂಟರೋ ಆಪ್ತ ಸ್ನೇಹಿತ್ರೋ ಆಗಿದ್ರೆ ಅಮೆಜಾನಲ್ಲಿ ರಿವ್ಯೂ ಬರೆಯೋಕೆ ಅವ್ರ ನಿಯಮಾನೇ ಬಿಡಲ್ಲ. ಒಬ್ಬ ಹೊಸ ಲೇಖಕರು ನಂಗೆ ಪುಸ್ತಕ ಕಳ್ಸಿ, ನಾನು ಇನ್ನೂ ರ‍್ಯಾಪರ್ ಬಿಚ್ಚಿರ್ಲಿಲ್ಲ, ಆಗ್ಲೇ "ಮೇಡಂ ಐದು ಸ್ಟಾರ್ ಹಾಕಿ ಸ್ಕ್ರೀನ್‌ಶಾಟ್ ಕಳ್ಸಿ" ಅಂತ ಮೆಸೇಜ್ ಹಾಕಿದ್ರು. ಓದಿ, ನಾಲ್ಕು ಕೊಟ್ಟೆ, ಪುಸ್ತಕ ನಿಜವಾಗ್ಲೂ ಚೆನ್ನಾಗಿತ್ತು. ಸ್ಕ್ರೀನ್‌ಶಾಟ್ ಕಳಿಸ್ಲಿಲ್ಲ.

ರೇಟಿಂಗ್ ಆಮೇಲೆ ಬದಲಾಯ್ಸಿದ್ರೆ ಏನೂ ಅವಮಾನ ಇಲ್ಲ, ಎಡಿಟ್ ಬಟನ್ ಇರೋದೇ ಅದಕ್ಕೆ, ಯಾಕೆ ಬದಲಾಯ್ಸಿದೆ ಅಂತ ಒಂದು ಸಾಲು ಸೇರಿಸ್ಬಿಡಿ. ಆ ಲಿಫ್ಟಿನ ಥ್ರಿಲ್ಲರ್‌ನ ನಾನು ಐದರಿಂದ ಮೂರಕ್ಕೆ ಇಳಿಸ್ದೆ, ಕಾರಣಾನೂ ಬರ್ದೆ, ಸ್ಪಾಯ್ಲರ್ ಗುರ್ತು ಹಾಕಿ. ಮುಂದಿನ ತಿಂಗಳು ಅತ್ತಿಗೆ ಊರಿಂದ ಬಂದಾಗ ಪುಸ್ತಕ ತಂದ್ರು, ಉಪ್ಪಿನಕಾಯಿ ಡಬ್ಬಿ ಜೊತೆ ಒಂದೇ ಚೀಲದಲ್ಲಿ, ಹಾಗಾಗಿ ಹಿಂದಿನ ರಟ್ಟಿನ್ ಮೇಲೆ ಒಂದು ಎಣ್ಣೆ ಕಲೆ. ಕೊನೇ ಖಾಲಿ ಹಾಳೇಲಿ ಪೆನ್ಸಿಲಲ್ಲಿ ಗುಂಡಗೆ ಬರ್ದಿದ್ರು: "ಲಿಫ್ಟ್ ಒಂದು ಬಿಟ್ರೆ ಚೆನ್ನಾಗಿದೆ. ಮೂರೂವರೆ."